ಸನ್ಮಾನ ಪತ್ರದ ಕೊನೆಯ ಸಾಲು

ಅವರ ಜೊತೆ ನಾನು ಒಂಬತ್ತು ವರ್ಷ ವಾದ ಮಾಡಿದ್ದೇನೆ. ಹೆಚ್ಚಿನ ಸಲ ಗೆದ್ದವಳು ನಾನೇ. ಹೇಗೆ ಗೆದ್ದೆ ಎಂದರೆ, ಅವರಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತಿತ್ತು, ನನಗೆ ಬೇರೆ ಕೆಲಸ ಇರುತ್ತಿರಲಿಲ್ಲ. ‘ಆಯ್ತು ಮಾರಾಯ್ತಿ, ನೀನು ಹೇಳಿದ್ದೇ ಸರಿ’ ಎಂದು ಅವರು ಅಡುಗೆಮನೆಗೆ ಹೋಗುತ್ತಿದ್ದರು. ನಾನು ವಿಜಯೋತ್ಸವದ ನಡಿಗೆಯಲ್ಲಿ ಮೆಟ್ಟಿಲಿಳಿಯುತ್ತಿದ್ದೆ. ಅವರದು ನಾಲ್ಕನೇ ಮಹಡಿ, ನಮ್ಮದು ಎರಡನೆಯದು. ಮೂರನೇ ಮಹಡಿ ದಾಟುವಷ್ಟರಲ್ಲಿ ಅವರು ಹೇಳಿದ್ದ ಯಾವುದೋ ಸಣ್ಣ ಮಾತು ತಲೆಯೊಳಗೆ ಎದ್ದು ಕೂತು ನನ್ನ ವಾದವನ್ನೆಲ್ಲ ನುಂಗಿ ಮುಗಿಸಿರುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ನಮ್ಮ ಮನೆಯ ಬಾಗಿಲು ಬಂದಿರುತ್ತಿತ್ತು. ಸೋಲೊಪ್ಪಿಕೊಳ್ಳಲು ಮತ್ತೆ ಎರಡು ಮಹಡಿ ಹತ್ತುವವರು ಯಾರು?

ಹೋದ ತಿಂಗಳು ಅವರು ನವಿ ಮುಂಬಯಿಯ ಕಾಮೋಠೆಯಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಕನ್ನಡ ಸಂಘದ ಯಾರಾದರೊಬ್ಬರು ಅದರ ಹಿಂದೆ ‘ಡಾ.’ ಸೇರಿಸಿಯೇ ತೀರುತ್ತಾರೆ. ಬಿಳಿ ಕೋಟು ಹಾಕುತ್ತಿದ್ದರು, ದೊಡ್ಡ ಸೂಕ್ಷ್ಮದರ್ಶಕದ ಮುಂದೆ ನಿಂತ ಫೋಟೋ ಇದೆ, ಅಂದ ಮೇಲೆ ಡಾಕ್ಟರೇ ಎಂಬುದು ಸಂಘದ ನಂಬಿಕೆ. ಆಮಂತ್ರಣ ಪತ್ರಿಕೆಯಲ್ಲಿ ‘ಡಾ.’ ಕಂಡಾಗಲೆಲ್ಲ ಅವರು ಕಾರ್ಯದರ್ಶಿಗೆ ಫೋನ್ ಮಾಡುತ್ತಿದ್ದರು. ‘ನನಗೆ ಡಾಕ್ಟರೇಟು ಇಲ್ಲ. ಬರೀ ಎಮ್ಮೆಸ್ಸಿ.’ ಮುಂದಿನ ವರ್ಷ ಮತ್ತೆ ‘ಡಾ.’ ಬರುತ್ತಿತ್ತು.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಅವರು ಲ್ಯಾಬ್ ಅಕ್ಕ. ನನ್ನ ಅಮ್ಮನಿಗಿಂತ ದೊಡ್ಡವರು, ಆದರೂ ನನಗೂ ಅಕ್ಕನೇ. ಊರು ಉಡುಪಿಯ ಹತ್ತಿರ. ತಂಗಿಯೊಡನೆ ಫೋನಿನಲ್ಲಿ ತುಳು, ಪಾತ್ರೆ ತೊಳೆಯುವ ಮೌಶಿಯೊಡನೆ ಮರಾಠಿ, ನನ್ನೊಡನೆ ಕನ್ನಡ. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಇಂಜೆಕ್ಷನ್ ತಯಾರಿಸುವ ಒಂದು ಕಾರ್ಖಾನೆಯಿತ್ತು. ಅದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಅವರು ಮಾಡಿದ ಕೆಲಸ ಏನೆಂದರೆ, ಔಷಧದ ಹನಿಗಳನ್ನು ಪೋಷಕ ದ್ರವದಲ್ಲಿ ಹಾಕಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಹದಿನಾಲ್ಕು ದಿನ ಕಾಯುವುದು. ಏನೂ ಬೆಳೆಯದಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ಏನೂ ಆಗದೇ ಇರುವುದನ್ನು ಮೂವತ್ತು ವರ್ಷ ಕಣ್ಣಿಟ್ಟು ನೋಡಿದವರ ಎದುರು ವಾದಕ್ಕೆ ಕೂರಬಾರದು ಎಂಬ ತಿಳಿವಳಿಕೆ ಆಗ ನನಗಿರಲಿಲ್ಲ.

ಕೆಲಸ ಅವರ ಮೈಗೆ ಅಂಟಿತ್ತು. ಉಪ್ಪಿನಕಾಯಿ ಭರಣಿ ತೆರೆಯಬೇಕಾದರೆ ಮೊದಲು ಗ್ಯಾಸ್ ಹೊತ್ತಿಸಿ, ಉರಿಯ ಪಕ್ಕದಲ್ಲಿ ಹಿಡಿದು ಮುಚ್ಚಳ ತೆಗೆಯುತ್ತಿದ್ದರು. ಭರಣಿ ತೆರೆದಿರುವಷ್ಟು ಹೊತ್ತು ಮಾತಿಲ್ಲ. ವಾಕ್ಯದ ನಡುವೆಯೇ ನಿಂತುಬಿಡುವುದು. ‘ಆ ರಿಕ್ಷಾದವನು ಎಂತ ಹೇಳಿದ ಅಂದ್ರೆ...’ ಮುಚ್ಚಳ, ಚಮಚ, ಎರಡು ಮಿಡಿ, ಮತ್ತೆ ಮುಚ್ಚಳ. ‘...ಬರೂದಿಲ್ಲ ಅಂದ.’ ತೆರೆದ ಪಾತ್ರೆಯ ಮೇಲೆ ಬಾಯಿ ಬಿಟ್ಟರೆ ಬಾಯಲ್ಲಿರುವುದೆಲ್ಲ ಅದರೊಳಗೆ ಬೀಳುತ್ತದೆ ಎಂಬುದು ಲ್ಯಾಬಿನ ಪಾಠ. ನಾನು ಆ ಮೌನಗಳನ್ನು ನನ್ನ ಸರದಿ ಎಂದು ತಿಳಿದು ತುಂಬಿಸುತ್ತಿದ್ದೆ. ಮುಚ್ಚಳ ಬಿಗಿಮಾಡಿ ಅವರು ಹೇಳುತ್ತಿದ್ದರು: ‘ಇನ್ನೊಮ್ಮೆ ಸ್ವಲ್ಪ ಆ ಕಡೆ ತಿರುಗಿ ಮಾತಾಡು. ಮಿಡಿ ಹಾಳಾಗ್ತದೆ.’

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಾನು ಚರ್ಚಾ ಸ್ಪರ್ಧೆಗಳಲ್ಲಿ ಬೆಳೆದ ಹುಡುಗಿ. ಏಳು ನಿಮಿಷ ಕೊಟ್ಟರೆ ಲೋಕಲ್ ರೈಲು ನಾಗರಿಕತೆಯ ಶಿಖರ ಎಂದು ಸಾಧಿಸುತ್ತಿದ್ದೆ. ಇನ್ನೊಂದು ಏಳು ನಿಮಿಷ ಕೊಟ್ಟರೆ ಅದೇ ರೈಲಿನಿಂದ ನಾಗರಿಕತೆ ಹಾಳಾಯಿತು ಎಂದೂ ಸಾಧಿಸುತ್ತಿದ್ದೆ. ದೇವರು, ಜಾತಕ, ಹೋಮಿಯೋಪತಿ, ಅಮ್ಮನ ಕಷಾಯ, ಯಾವುದನ್ನೂ ಸಾಕ್ಷಿ ಕೇಳದೆ ಬಿಟ್ಟವಳಲ್ಲ. ಪಾರಿತೋಷಕಗಳನ್ನು ಇಡಲು ಅಪ್ಪ ಗೋಡೆಗೆ ಹಲಗೆ ಹೊಡೆಸಿದ್ದರು. ಇಷ್ಟೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮನೆಯ ಭಾಷೆ, ಅದೂ ಅಪ್ಪ ಅಮ್ಮ ಮೈಸೂರಿನ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಹಿಂದಿಯಲ್ಲಿ ಉತ್ತರಿಸುವ ಮನೆ.

ಹದಿನೇಳರ ವಯಸ್ಸಿನಲ್ಲಿ ಸಂಘದ ಚರ್ಚಾ ಸ್ಪರ್ಧೆಗೆ ಹೆಸರು ಕೊಟ್ಟೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ, ನಾಲ್ಕು ತಂಡ. ಪ್ರತಿ ವರ್ಷ ಮೊಬೈಲು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ಕೇಳಿ ಬೇಸತ್ತಿದ್ದ ಅಕ್ಕ ಆ ವರ್ಷ ತಾವೇ ವಿಷಯ ಕೊಟ್ಟಿದ್ದರು: ‘ಅತಿ ಸೂಕ್ಷ್ಮ ಬ್ಯಾಕ್ಟೀರಿಯಾಗಳು ಇವೆಯೇ?’ ಕಾರ್ಯದರ್ಶಿ ಹುಬ್ಬಳ್ಳಿ ಕಡೆಯವರು, ಕಲ್ಯಾಣದಲ್ಲಿ ರೈಲ್ವೆ ನೌಕರಿ. ಅವರು ಸಂತೋಷದಿಂದ ಒಪ್ಪಿದರಂತೆ. ‘ಯಾರಿಗೂ ತಿಳಿಯೂದಿಲ್ಲ ಅಂದ್ರ ಯಾರೂ ಜಗಳಾ ಮಾಡೂದಿಲ್ಲ ಬಿಡ್ರಿ.’

ವಿಷಯ ಹೀಗಿತ್ತು. ಸಾಮಾನ್ಯ ಬ್ಯಾಕ್ಟೀರಿಯಾ ಒಂದು ಮೈಕ್ರಾನ್ ಆಸುಪಾಸಿನದು, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಔಷಧ ಕಾರ್ಖಾನೆಯವರು ಅದರ ಐದನೇ ಒಂದು ಪಾಲಿನಷ್ಟು ಚಿಕ್ಕ ರಂಧ್ರಗಳಿರುವ ಫಿಲ್ಟರಿನಲ್ಲಿ ಸೋಸುತ್ತಾರೆ, ಯಾವ ಬ್ಯಾಕ್ಟೀರಿಯಾವೂ ದಾಟದು ಎಂಬ ಭರವಸೆಯಿಂದ. ಹಿಂದೊಮ್ಮೆ ಕೆಲವು ವಿಜ್ಞಾನಿಗಳು, ಅದನ್ನೂ ದಾಟಿಹೋಗುವ ಅತಿ ಸಣ್ಣ ಜೀವಿಗಳು ರಕ್ತದಲ್ಲೂ ಮೂತ್ರಪಿಂಡದ ಕಲ್ಲಿನಲ್ಲೂ ಇವೆ, ಬೆಳೆಯುತ್ತವೆ, ಎರಡಾಗುತ್ತವೆ, ಕಲ್ಲು ಕಟ್ಟುವುದೇ ಅವುಗಳಿಂದ ಎಂದರು. ಉಳಿದವರು ಸಾಧ್ಯವೇ ಇಲ್ಲ ಎಂದರು. ವರ್ಷಗಟ್ಟಲೆ ಜಗಳ ನಡೆಯಿತು.

ನನಗೆ ಬಂದದ್ದು ‘ಇಲ್ಲ’ ಎನ್ನುವ ಪಕ್ಷ. ಲೋಕಲ್ಲಿನಲ್ಲಿ ನಿಂತು ನಿಂತೇ ಫೋನಿನಲ್ಲಿ ಓದಿ ತಯಾರಾದೆ. ವೇದಿಕೆಯ ಮೇಲೆ ಹೇಳಿದೆ: ‘ಬೆಳಗಿನ ಫಾಸ್ಟ್ ಲೋಕಲ್ಲಿನ ಮಹಿಳಾ ಡಬ್ಬಿ ನೋಡಿ. ಎಷ್ಟು ಒತ್ತಿ ನಿಂತರೂ ನಿಮ್ಮ ಮೈಯನ್ನು ಮನೆಯಲ್ಲಿ ಬಿಟ್ಟು ಬರೋಕೆ ಆಗುತ್ತಾ? ಜೀವಕೋಶಾನೂ ಹಾಗೇ. ಪ್ರೋಟೀನ್ ಮಾಡುವ ಯಂತ್ರ ಬೇಕು, ತನ್ನ ನಕ್ಷೆ ಬೇಕು. ಅಷ್ಟು ಸಣ್ಣ ಡಬ್ಬಿಯಲ್ಲಿ ಅವೆಲ್ಲ ಹಿಡಿಸೋದೇ ಇಲ್ಲ!’ ಸಭೆ ನಕ್ಕಿತು. ನಗು ಬಂತೆಂದರೆ ನನಗೆ ಬ್ರೇಕ್ ಹಿಡಿಯುವುದಿಲ್ಲ. ‘ಫ್ಲಾಸ್ಕಿನ ತಳದ ಬಿಳಿ ಪುಡಿಗೆ ವರ್ಷಗಟ್ಟಲೆ ಊಟ ಹಾಕಿ ಸಾಕಿದರಂತೆ ವಿಜ್ಞಾನಿಗಳು! ಅಧ್ಯಕ್ಷರೇ, ಅದು ಬ್ಯಾಕ್ಟೀರಿಯಾ ಇಲ್ಲ! ಇಲ್ಲ, ಇಲ್ಲ, ಇಲ್ಲ!’

ತೀರ್ಪುಗಾರರ ಮೇಜಿನಿಂದ ಅಕ್ಕ ಕೈ ಎತ್ತಿದರು. ‘ಮಗಾ, ಇಲ್ಲವಾ, ಅಲ್ಲವಾ?’

‘ಅಂದ್ರೆ?’

‘ಫ್ಲಾಸ್ಕಿನಲ್ಲಿ ಬಿಳಿಯಾಗಿ ಎಂತದೋ ಉಂಟು ಅಂತ ನೀನೇ ಹೇಳಿದೆ. ಅದು ಬ್ಯಾಕ್ಟೀರಿಯಾ ಅಲ್ಲವಾ? ಅಥವಾ ಲೋಕದಲ್ಲೇ ಅಷ್ಟು ಸಣ್ಣ ಬ್ಯಾಕ್ಟೀರಿಯಾ ಇಲ್ಲವಾ? ಯಾವುದನ್ನು ಸಾಧಿಸಿದೆ ನೀನು?’

‘ಅರೆ ಮೇಡಂ, ಮತಲಬ್ ಒಂದೇ ಅಲ್ವಾ!’

‘ಹಾಂ. ಈಗ ಮಾತ್ರ ಸರಿಯಾದ ಜಾಗದಲ್ಲಿ ಅಲ್ವಾ ಅಂದೆ ನೋಡು.’

ಈ ಸಲದ ನಗು ನನ್ನದಾಗಿರಲಿಲ್ಲ. ಹಿಂದಿಯ ‘ನಹೀ’ಯಲ್ಲೂ ನಮ್ಮ ಬಿಲ್ಡಿಂಗಿನ ಮರಾಠಿಯ ‘ನಾಹೀ’ಯಲ್ಲೂ ಎಲ್ಲ ನಿರಾಕರಣೆಗಳನ್ನು ಮುಗಿಸಿಕೊಂಡು ಬೆಳೆದ ನನ್ನಂಥವರಿಗೆ ಕನ್ನಡದ ಈ ಎರಡು ಪದಗಳು ಒಂದೇ ವಸ್ತುವಿನ ಎರಡು ಬಣ್ಣಗಳಂತೆ ಕಾಣುತ್ತವೆ. ಸಿಕ್ಕಿದ್ದನ್ನು ಬಳಸುತ್ತೇವೆ. ಎರಡನೇ ಬಹುಮಾನ ಕೊಟ್ಟರು. ವ್ಯಾಕರಣದ ನೆಪದಲ್ಲಿ ನನ್ನ ತರ್ಕವನ್ನು ಸೋಲಿಸಿದರೆಂಬ ಸಿಟ್ಟಿನಿಂದ ಆ ಸಂಜೆಯೇ ನಾಲ್ಕನೇ ಮಹಡಿ ಹತ್ತಿ ಮೇಲ್ಮನವಿ ಸಲ್ಲಿಸಿದೆ.

ಅಕ್ಕ ಅಡುಗೆಮನೆಯಿಂದ ಒಂದು ಡಬ್ಬಿ ತಂದು ಮುಂದಿಟ್ಟರು. ‘ಇದರಲ್ಲಿ ಎಂತ ಉಂಟು?’

ನೆಕ್ಕಿ ನೋಡಿದೆ. ‘ಉಪ್ಪು.’

‘ಹಾಗಾದ್ರೆ ಇದು ಸಕ್ಕರೆ ಅಲ್ಲ. ಅಷ್ಟಕ್ಕೆ ನಮ್ಮ ಮನೆಯಲ್ಲಿ ಸಕ್ಕರೆ ಇಲ್ಲ ಅಂತ ಆಗ್ತದಾ?’

‘ಅದು ಬೇರೆ ಪ್ರಶ್ನೆ.’

‘ಅದೇ ಮಾರಾಯ್ತಿ ನಾನು ಹೇಳಿದ್ದು. ಎರಡು ಪ್ರಶ್ನೆ. ದೊಡ್ಡ ದೊಡ್ಡವರು ಅಷ್ಟು ವರ್ಷ ಜಗಳ ಆಡಿದ್ದು ಎರಡನ್ನೂ ಒಂದೇ ಪಾತ್ರೆಗೆ ಹಾಕಿ.’ ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತ, ಮಾಮೂಲಿ ದನಿಯಲ್ಲಿ ಹೇಳಿದರು: ‘ಮತ್ತೆ, ಆ ಬಿಳಿ ಪುಡಿಗೆ ಊಟ ಹಾಕಿ ಸಾಕಿದವರು ಅಂತ ನಗಾಡಿದೆಯಲ್ಲ, ಅದರಲ್ಲಿ ನಾನೂ ಒಬ್ಬಳು. ನನ್ನ ಏಳು ವರ್ಷವನ್ನು ನೀನು ಏಳು ನಿಮಿಷದಲ್ಲಿ ಮುಗಿಸಿದೆ. ಚೆಂದ ಹೇಳಿದೆ.’

ಮೇಲ್ಮನವಿಯನ್ನು ಅಲ್ಲಿಗೇ ಬಿಟ್ಟು ಪ್ರಶ್ನೆ ಕೇಳತೊಡಗಿದೆ.

ಕತೆ ಇಷ್ಟು. ಕೆಲಸ ಮಾಡುತ್ತಲೇ ಅವರು ಡಾಕ್ಟರೇಟಿಗೆ ಹೆಸರು ನೋಂದಾಯಿಸಿದ್ದರು. ಆಸ್ಪತ್ರೆಗಳಿಂದ ಮೂತ್ರಪಿಂಡದ ಕಲ್ಲುಗಳನ್ನು ಬಾಟಲಿಯಲ್ಲಿ ತರುವುದು, ಪುಡಿಮಾಡಿ ಕರಗಿಸುವುದು, ಆ ಫಿಲ್ಟರಿನಲ್ಲಿ ಸೋಸುವುದು, ಸೋಸಿ ಬಂದದ್ದನ್ನು ರಕ್ತದ ಸೀರಮ್ ಬೆರೆಸಿದ ದ್ರವದಲ್ಲಿ ಹಾಕಿ ಬೆಚ್ಚಗಿಡುವುದು. ವಾರಗಳಾದ ಮೇಲೆ ಫ್ಲಾಸ್ಕಿನ ತಳದಲ್ಲಿ ಬಿಳಿ ಪೊರೆ. ಅದರಲ್ಲೊಂದು ಹನಿ ಹೊಸ ಫ್ಲಾಸ್ಕಿಗೆ. ಅಲ್ಲೂ ಬಿಳಿ ಪೊರೆ. ಹೊಸ ಹೊಸ ಫ್ಲಾಸ್ಕಿಗೆ ದಾಟಿಸುತ್ತ ಏಳು ವರ್ಷ. ರಜೆಯ ದಿನಗಳೆಲ್ಲ ಡೊಂಬಿವಲಿಯಿಂದ ಮುಂಬಯಿಯ ಕಾಲೇಜಿಗೆ ರೈಲು, ಅದಕ್ಕೆ ‘ಊಟ ಹಾಕಲು’. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪುಟ್ಟ ಪುಟ್ಟ ಗುಂಡುಗಳು, ಕೆಲವು ಎರಡೆರಡು ಅಂಟಿಕೊಂಡು, ಈಗಷ್ಟೇ ಒಡೆದು ಎರಡಾದಂತೆ. ಮಾರ್ಗದರ್ಶಕರು ಖುಷಿಯಲ್ಲಿದ್ದರು.

‘ನಿಮಗೆ ನಂಬಿಕೆ ಇತ್ತಾ ಅಕ್ಕ?’

‘ಇರದೆ? ಊಟ ಹಾಕಿದ ಹಾಗೆಲ್ಲ ಬೆಳೀತಿತ್ತು.’

ಕಾರ್ಖಾನೆಯಿಂದ ಸಿರಿಂಜು ಮುಂತಾದವನ್ನು ಕ್ರಿಮಿಗಳೆಲ್ಲ ಸಾಯಲೆಂದು ವಿಕಿರಣ ಹಾಯಿಸಲು ಕಳಿಸುತ್ತಿದ್ದರು. ಒಂದು ದಿನ ಅಕ್ಕ ಮೇಲಿನವರ ಅನುಮತಿ ಕೇಳಿ ಆ ಪೆಟ್ಟಿಗೆಯಲ್ಲಿ ತಮ್ಮ ಪುಡಿಯ ಒಂದು ನಳಿಗೆಯನ್ನೂ ಇಟ್ಟರು. ಜೀವ ಇದ್ದರೆ ಅದು ಉಳಿಯುವ ಹಾಗಿರಲಿಲ್ಲ. ಆ ಸತ್ತ ಪುಡಿಯನ್ನು ಒಂದು ಫ್ಲಾಸ್ಕಿಗೆ ಹಾಕಿದರು. ಇನ್ನೊಂದು ಫ್ಲಾಸ್ಕಿಗೆ ಪುಡಿಯೇ ಇಲ್ಲ, ಬರೀ ಸೀರಮ್. ಕಾದರು. ಸತ್ತದ್ದೂ ಬೆಳೆಯಿತು. ಏನೂ ಹಾಕದ್ದರಲ್ಲೂ, ತುಸು ತಡವಾಗಿ, ಬಿಳಿ ಪೊರೆ ಬಂತು. ಸೀರಮ್ಮಿನಲ್ಲೇ ಇರುವ ಸುಣ್ಣದ ಅಂಶವೂ ಪ್ರೋಟೀನೂ ಸೇರಿ ಗುಂಡುಗುಂಡಾಗಿ ಕಟ್ಟಿಕೊಳ್ಳುತ್ತಿತ್ತು, ಅಷ್ಟೆ. ಹಳೆಯ ಹನಿ ಬಿದ್ದರೆ ಬೇಗ ಕಟ್ಟುತ್ತಿತ್ತು, ಹೆಪ್ಪು ಬಿದ್ದ ಹಾಲಿನಂತೆ. ಬೆಳೆಯುವುದು, ಎರಡಾದಂತೆ ಕಾಣುವುದು, ಎಲ್ಲ ಇತ್ತು. ಜೀವ ಇರಲಿಲ್ಲ.

ಮಾರ್ಗದರ್ಶಕರಿಗೆ ತೋರಿಸಿದರು. ಅವರು, ‘ಆ ಎರಡು ಫ್ಲಾಸ್ಕ್ ಬಿಟ್ಟು ಉಳಿದದ್ದನ್ನು ಬರೆಯಿರಿ’ ಎಂದರಂತೆ. ಅಕ್ಕ ಆ ಎರಡು ಫ್ಲಾಸ್ಕುಗಳನ್ನು ಬಿಡಲಿಲ್ಲ, ಡಾಕ್ಟರೇಟನ್ನು ಬಿಟ್ಟರು. ಆಮೇಲೆ ಹೊರದೇಶಗಳಲ್ಲೂ ಬೇರೆಯವರು ಇದೇ ತೀರ್ಮಾನಕ್ಕೆ ಬಂದರು, ಅಚ್ಚಾಯಿತು, ಹೆಸರಾಯಿತು. ಅಕ್ಕನದು ಎಲ್ಲೂ ಅಚ್ಚಾಗಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ನಾಲ್ಕನೇ ಮಹಡಿಯ ಓಡಾಟ. ಕನ್ನಡವನ್ನು ಸರಿಯಾಗಿ ಬರೆಯಲು ಕಲಿಸಿದವರೂ ಅವರೇ. ಕಲಿಸಿದರು ಎನ್ನುವುದಕ್ಕಿಂತ, ನನ್ನ ಪ್ರತಿ ವಾಕ್ಯಕ್ಕೂ ‘ಇದು ನಿನಗೆ ಹೇಗೆ ಗೊತ್ತು?’ ಎಂದು ಕೇಳಿದರು. ಅದರಿಂದ ನನ್ನ ಪ್ರಬಂಧಗಳು ಅರ್ಧಕ್ಕೆ ಇಳಿದವು, ಶೈಲಿ ಸುಧಾರಿಸಿತು.

ಅಕ್ಕ ನಿವೃತ್ತರಾದ ವರ್ಷ ಸಂಘ ಅವರಿಗೆ ಸನ್ಮಾನ ಮಾಡಲು ನಿರ್ಧರಿಸಿತು. ಆಗ ನಾನು ಸಮಿತಿಯಲ್ಲಿದ್ದೆ. ಸನ್ಮಾನ ಪತ್ರ ಬರೆಯುವ ಕೆಲಸ ನನಗೆ ಬಿತ್ತು. ಹೇಳಲು ಹೋದಾಗ ಅಕ್ಕ ಬೇಡವೆಂದರು. ಮತ್ತೆ ಕೇಳಿದೆ. ಮೂರನೇ ಸಲ ಒಪ್ಪಿದರು, ಒಂದು ಷರತ್ತಿನ ಮೇಲೆ.

‘ಬರೆಯುವುದಾದ್ರೆ ಆ ಎರಡು ಫ್ಲಾಸ್ಕಿನದ್ದು ಬರಿ. ಇದ್ದ ಹಾಗೆ. ಉಳಿದ ಕೆಲಸ ಯಾರು ಆ ಕುರ್ಚಿಯಲ್ಲಿ ಕೂತರೂ ಮಾಡುವಂಥದ್ದು. ನಾನು ಅಂತ ಮಾಡಿದ್ದು ಇದೊಂದೇ. ಒಂದು ಸಲವಾದ್ರೂ ಎಲ್ಲಿಯಾದ್ರೂ ಅಚ್ಚಾಗ್ಲಿ.’

ಮಾತು ಕೊಟ್ಟೆ.

ಸಮಿತಿಯ ಸಭೆಯಲ್ಲಿ ಕಾರ್ಯದರ್ಶಿ ಕರಡು ಓದಿ ಕನ್ನಡಕ ತೆಗೆದರು. ‘ತಂಗಿ, ಸನ್ಮಾನ ಪತ್ರದಾಗ ನಪಾಸ್ ಆದದ್ದು ಬರಿತಾರೇನವಾ? ಏಳು ವರ್ಷ ಮಾಡಿದ್ದು ಸುಳ್ಳಾತು ಅಂತ ಬರದು, ಮ್ಯಾಲೆ ಶಾಲು ಹೊಚ್ಚೂದೇನು?’

‘ಸುಳ್ಳು ಅಂತ ಅವರೇ ಕಂಡುಹಿಡಿದ್ರು ಸರ್. ಅದೇ ದೊಡ್ಡದು.’

‘ಜನಕ್ಕ ತಿಳಿಯೂದಿಲ್ಲವಾ. ಚಪ್ಪಾಳಿ ಎಲ್ಲಿ ಹೊಡೀಬೇಕು ಅವ್ರು?’

ಒಂದೂವರೆ ಗಂಟೆ ವಾದ ಮಾಡಿದೆ. ಸತ್ಯ, ವಿಜ್ಞಾನ, ಸಂಘದ ಘನತೆ, ಬಂದದ್ದನ್ನೆಲ್ಲ ಎಸೆದೆ. ಗೆದ್ದೆ. ಕರಡು ಹಾಗೇ ಉಳಿಯಿತು. ಆದರೆ ಅವರ ಆ ಪ್ರಶ್ನೆ ನನ್ನೊಳಗೇ ಉಳಿದುಬಿಟ್ಟಿತು: ಚಪ್ಪಾಳೆ ಎಲ್ಲಿ ಹೊಡೆಯಬೇಕು?

ಅದೇ ದಿನಗಳಲ್ಲಿ ನಾನೊಂದು ಲೇಖನ ಓದಿದೆ. ಭೂಮಿಯೊಳಗಿನ ನೀರನ್ನು ಅಂಥದೇ ಫಿಲ್ಟರಿನಲ್ಲಿ ಸೋಸಿ, ದಾಟಿ ಬಂದದ್ದನ್ನು ಪರೀಕ್ಷಿಸಿದಾಗ ನಿಜವಾದ, ಜೀವವಿರುವ, ಅತಿ ಚಿಕ್ಕ ಬ್ಯಾಕ್ಟೀರಿಯಾಗಳು ಸಿಕ್ಕಿದ್ದವು. ಸಿಕ್ಕಿ ಕೆಲವು ವರ್ಷಗಳೇ ಆಗಿದ್ದವು. ಹದಿನೇಳರಲ್ಲಿ ವೇದಿಕೆಯ ಮೇಲೆ ಕೂಗಿದ ನನ್ನ ಮೂರೂ ‘ಇಲ್ಲ’ಗಳು ಆ ನೀರಿನಲ್ಲಿ ಕೊಚ್ಚಿಹೋದವು. ಆದರೆ ನನಗೆ ಅದರ ಬೇಸರವಿರಲಿಲ್ಲ. ಒಂದೇ ಉಸಿರಿಗೆ ಮೇಲೆ ಓಡಿದೆ. ‘ಅಕ್ಕಾ! ಇವೆಯಂತೆ! ನೀವೇ ಏಕದಮ್ ಕರೆಕ್ಟ್!’

ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ‘ನೋಡು ಮಾರಾಯ್ತಿ, ಇದರ ಹತ್ತಿರ ತನ್ನದು ಅಂತ ಬಹಳ ಕಡಿಮೆ ಸಾಮಾನು ಉಂಟು. ಬೇರೆಯವರನ್ನು ನೆಚ್ಚಿಕೊಂಡು ಬದುಕುವುದಿರಬೇಕು. ಪೇಯಿಂಗ್ ಗೆಸ್ಟ್!’ ನಕ್ಕರು. ಆಮೇಲೆ ಫೋನ್ ಹಿಂದಕ್ಕೆ ಕೊಟ್ಟು, ‘ಇದು ಅದಲ್ಲ, ಆಯ್ತಾ. ಇದು ನೀರಿನದ್ದು. ನನ್ನದು ಸುಣ್ಣ’ ಎಂದರು.

‘ಗೊತ್ತು ಅಕ್ಕ’ ಎಂದೆ. ಗೊತ್ತಿತ್ತು ಕೂಡ.

ಕೆಳಗೆ ಬಂದು, ಅಚ್ಚಿಗೆ ಕಳಿಸುವ ಮುನ್ನ, ಸನ್ಮಾನ ಪತ್ರಕ್ಕೆ ಕೊನೆಯಲ್ಲೊಂದು ಸಾಲು ಸೇರಿಸಿದೆ. ‘ಇಂದು ವಿಜ್ಞಾನ ಅತಿ ಸೂಕ್ಷ್ಮ ಬ್ಯಾಕ್ಟೀರಿಯಾಗಳ ಅಸ್ತಿತ್ವವನ್ನು ಒಪ್ಪಿಕೊಂಡಿದ್ದು, ಕಾಲವೇ ಇವರಿಗೆ ನ್ಯಾಯ ಒದಗಿಸಿದೆ.’ ಮೊದಲರ್ಧವನ್ನು ಯಾವ ನ್ಯಾಯಾಧೀಶರ ಎದುರಲ್ಲೂ ಸಮರ್ಥಿಸಬಲ್ಲೆ. ಎರಡನೆಯದು ಅಭಿಪ್ರಾಯ. ಎರಡರ ನಡುವೆ ಒಂದು ಅಲ್ಪವಿರಾಮ ಇಟ್ಟೆ, ಅಷ್ಟೇ ನಾನು ಮಾಡಿದ್ದು. ಕೊನೆಯ ಅರ್ಧ ನಿಮಿಷದಲ್ಲಿ ಸಭೆ ನಿಮ್ಮದಾಗಬೇಕು ಎಂದು ಚರ್ಚಾ ಸ್ಪರ್ಧೆಯಲ್ಲಿ ಹೇಳಿಕೊಡುತ್ತಾರೆ.

ಠಾಣೆಯ ಸಭಾಂಗಣ. ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಪತ್ರ ಓದಿದೆ. ಕಲ್ಲು, ಫಿಲ್ಟರು, ಏಳು ವರ್ಷ, ಎರಡು ಫ್ಲಾಸ್ಕು, ಡಾಕ್ಟರೇಟು ಬಿಟ್ಟದ್ದು. ಸಭೆ ಎಲ್ಲಿ ನಿಟ್ಟುಸಿರು ಬಿಡಬೇಕು ಎಂದು ಹುಡುಕುತ್ತಿತ್ತು. ಆಗ ಆ ಕೊನೆಯ ಸಾಲು ಬಂತು. ಅಬ್ಬಾ, ಆ ಚಪ್ಪಾಳೆ! ಮುಂದಿನ ಸಾಲಿನವರು ಎದ್ದೇ ನಿಂತರು. ಕಾರ್ಯದರ್ಶಿ ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದರು. ನಾನು ಅಕ್ಕನ ಕಡೆ ನೋಡಿದೆ. ಮೊದಲ ಬಾರಿಗೆ ಆ ಸಾಲು ಕೇಳುತ್ತಿದ್ದ ಅವರು, ಹದಿಮೂರು ದಿನ ತಿಳಿಯಾಗಿದ್ದ ಬಾಟಲಿ ಹದಿನಾಲ್ಕನೇ ದಿನ ಮಬ್ಬಾದರೆ ನೋಡುವಂತೆ ನನ್ನನ್ನು ನೋಡುತ್ತಿದ್ದರು.

ಎರಡು ಮಾತಾಡಲು ಮೈಕು ಕೊಟ್ಟರು. ಅಕ್ಕ ಸ್ಪಷ್ಟವಾಗಿ ಹೇಳಿದರು: ‘ಆ ಕೊನೆಯ ಸಾಲು ನನಗೆ ಸಲ್ಲುವುದಿಲ್ಲ.’

ಚಪ್ಪಾಳೆ ಇನ್ನೂ ಜೋರಾಯಿತು. ಸನ್ಮಾನಗೊಂಡವರು ಹೇಳುವುದೇ ಆ ಮಾತು ತಾನೆ. ‘ನನ್ನ ಮಾತು ಕೇಳಿ’ ಎಂದರು ಅಕ್ಕ. ಕಾರ್ಯದರ್ಶಿ ಮೈಕು ತೆಗೆದುಕೊಂಡು ಗದ್ಗದಿತರಾದರು. ‘ನೋಡ್ರಿ, ಎಷ್ಟು ವಿನಯ! ಇಂಥಾ ಮಂದಿ ಈಗ ಎಲ್ಲಿ ಸಿಗತಾರ್ರಿ?’ ನಾನು ಮೈಕಿನಿಂದ ಮೂರು ಹೆಜ್ಜೆ ದೂರದಲ್ಲಿದ್ದೆ. ಏಳು ನಿಮಿಷ ಬೇಡ, ಏಳು ಸೆಕೆಂಡು ಸಾಕಿತ್ತು. ನಾನೂ ಚಪ್ಪಾಳೆ ತಟ್ಟಿದೆ.

ಮರುದಿನ ಬೆಳಗ್ಗೆ ನಮ್ಮ ಮನೆಯ ಕರೆಗಂಟೆ ಸದ್ದು ಮಾಡಿತು. ಅಕ್ಕ ಎರಡು ಮಹಡಿ ಇಳಿದು ಬಂದಿದ್ದರು. ಕೈಯಲ್ಲಿ ಗಾಜು ಹಾಕಿಸಿದ ಸನ್ಮಾನ ಪತ್ರ, ಒಂದು ಸ್ಕ್ರೂಡ್ರೈವರು, ಒಂದು ಪೆನ್ನು. ಊಟದ ಮೇಜಿನ ಮುಂದೆ ಕೂತು ಒಂದೊಂದೇ ಸ್ಕ್ರೂ ಬಿಚ್ಚಿ ಕಾಗದ ಹೊರತೆಗೆದರು.

‘ಲ್ಯಾಬಿನ ದಾಖಲೆಯಲ್ಲಿ ತಪ್ಪಾದ್ರೆ ಅಳಿಸುವ ಹಾಗಿಲ್ಲ, ಹರಿಯುವ ಹಾಗಿಲ್ಲ. ಒಂದೇ ಗೆರೆ. ಅಡಿಯಲ್ಲಿರುವ ತಪ್ಪು ಓದಲಿಕ್ಕೆ ಬರಬೇಕು. ಪಕ್ಕದಲ್ಲಿ ಬರೆದವರ ಸಹಿ, ಕಾರಣ, ತಾರೀಖು. ಬರೆದದ್ದು ನೀನು. ಹಾಕು.’

ನಾನು ಸುಮ್ಮನೆ ಹಾಕಿದೆನೆಂದು ತಿಳಿಯಬೇಡಿ. ವಾದ ಮಾಡಿದೆ. ಆ ವಾಕ್ಯದ ಮೊದಲರ್ಧದಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದೆ. ಎರಡನೆಯದು ಭಾವನೆ, ಭಾವನೆಗೆ ಸಾಕ್ಷಿ ಬೇಕಿಲ್ಲ ಎಂದೆ. ನಾನು, ಹಾಗೆಂದೆ! ಕೊನೆಗೆ, ‘ಯಾರು ನೋಡ್ತಾರೆ ಅಕ್ಕ? ನಿಮ್ಮ ಮನೆಯ ಗೋಡೆ’ ಎಂದೆ.

‘ನಾನು ನೋಡ್ತೇನಲ್ಲ, ದಿನಾ.’ ಸ್ಕ್ರೂಗಳನ್ನು ಸಾಲಾಗಿ ಜೋಡಿಸುತ್ತ ಹೇಳಿದರು. ‘ನಿನ್ನ ವಾಕ್ಯ ಸರಿ ಉಂಟು. ಅದರ ಪಕ್ಕ ಯಾರ ಹೆಸರುಂಟು ನೋಡು. ಏಳು ವರ್ಷ ಹೋಯ್ತು, ಡಾಕ್ಟರೇಟು ಹೋಯ್ತು. ಇದು ಅದಲ್ಲ ಅಂತ ನಾನೇ ಹೇಳಿದೆ, ಆ ಒಂದು ಮಾತು ನನ್ನ ಹತ್ತಿರ ಉಳಿದಿತ್ತು. ನೀನು ಅದನ್ನೂ ತೆಗೆದೆಯಲ್ಲ.’

ಗೆರೆ ಎಳೆದೆ. ಸಹಿ ಹಾಕಿದೆ. ಕಾರಣದ ಜಾಗದಲ್ಲಿ ‘ಮುದ್ರಣ ದೋಷ’ ಎಂದು ಬರೆದೆ.

ಅಕ್ಕ ಓದಿದರು. ‘ಪ್ರೆಸ್ಸಿನವನು ಮಾಡಿದ್ದಾ?’

ಅದರ ಮೇಲೆ ಒಂದು ಗೆರೆ, ಪಕ್ಕದಲ್ಲಿ ಸಹಿ. ‘ಅವರಿಗೆ ನ್ಯಾಯ ಸಿಗಲೆಂದು’ ಎಂದು ಬರೆದೆ.

‘ನಾನು ಕೇಳಿದ್ದೆನಾ?’

ಮತ್ತೊಂದು ಗೆರೆ, ಮತ್ತೊಂದು ಸಹಿ. ಕಾಗದದ ಅಂಚಿನಲ್ಲಿ ಜಾಗ ಮುಗಿಯುತ್ತಿತ್ತು. ಸಣ್ಣ ಅಕ್ಷರದಲ್ಲಿ ಬರೆದೆ: ‘ನಾನು ಗೆಲ್ಲಬೇಕೆಂದು.’

ಅಕ್ಕ ಅದನ್ನು ಓದಿ, ತಾರೀಖು ಹಾಕುವ ಜಾಗವನ್ನು ಬೆರಳಿನಿಂದ ತೋರಿಸಿದರು. ಹಾಕಿದೆ. ಗಾಜು ಒರೆಸಿ, ಸ್ಕ್ರೂಗಳನ್ನು ಹಾಕಿ ಎದ್ದು ನಿಂತ ಮೇಲೆ ಕೇಳಿದರು: ‘ಇದು ಗೋಡೆಗಾಯ್ತು. ಚಪ್ಪಾಳೆ ತಟ್ಟಿದವರಿಗೆ?’

‘ಸಂಘದ ವಾರ್ಷಿಕ ಸಂಚಿಕೆಯಲ್ಲಿ ಬರೆಯುತ್ತೇನೆ ಅಕ್ಕ.’

‘ಬರಿ’ ಎಂದರು.

ಅದಾದ ಮೇಲೆ ಎರಡು ಸಂಚಿಕೆಗಳು ಬಂದುಹೋದವು. ಒಂದರಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ನನ್ನ ನಾಲ್ಕು ಪುಟದ ಲೇಖನವಿದೆ, ತುಂಬ ಖಡಕ್ಕಾಗಿದೆ. ಇದನ್ನು ಬರೆಯಲಿಲ್ಲ. ಅಕ್ಕ ಕಾಮೋಠೆಗೆ ಹೋದರು. ಎಂದೂ ನೆನಪಿಸಲಿಲ್ಲ. ಎರಡೂ ಸಂಚಿಕೆಗಳನ್ನು ತರಿಸಿಕೊಂಡು ಪುಟ ತಿರುವಿದ್ದರೆಂದು ಮೊನ್ನೆ ಅವರ ತಂಗಿ ಹೇಳಿದರು.

ಆದ್ದರಿಂದ, ಅಂದು ಠಾಣೆಯ ಸಭಾಂಗಣದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ ಹಿರಿಯರೇ, ಗೆಳೆಯರೇ, ನಾನು ಓದಿದ ಕೊನೆಯ ಸಾಲನ್ನು ಹೊಡೆದುಹಾಕಿಕೊಳ್ಳಿ. ನಿಮ್ಮೆದುರು ಶಾಲು ಹೊದ್ದು ಕೂತಿದ್ದವರು ಏಳು ವರ್ಷ ಸಾಕಿದ್ದು ಸುಣ್ಣವನ್ನು. ಅದು ಸುಣ್ಣ ಎಂದು ಕಂಡುಹಿಡಿದವರೂ ಅವರೇ, ಕಂಡದ್ದನ್ನು ಮುಚ್ಚಿಡಲು ಒಪ್ಪದವರೂ ಅವರೇ. ಅವರ ಕೆಲಸ ಅಲ್ಲಿಗೆ ಪೂರ್ತಿಯಾಗಿತ್ತು. ಕಾಲ ಬಂದು ಒದಗಿಸಬೇಕಾದ ನ್ಯಾಯ ಯಾವುದೂ ಉಳಿದಿರಲಿಲ್ಲ.